ಮನೆಯೊಳಗೆ ಬಾರದ ಮಾತು

ನಮ್ಮ ಮನೆಯಲ್ಲಿ ‘ಕೊಲ್ಲು’ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಅದೊಂದನ್ನೇ ಅಲ್ಲ, ಅದರ ನೆಂಟರಿಷ್ಟರನ್ನೂ ನಮ್ಮಜ್ಜಿ ಹೊಸ್ತಿಲ ಆಚೆಗೇ ನಿಲ್ಲಿಸಿಬಿಟ್ಟಿದ್ದಳು. ಕಡಿ, ಸೀಳು, ಸಾಯಿಸು, ಸುಡು, ಇವೆಲ್ಲ ಬೀದಿಯಲ್ಲಿ ಬೇಕಾದರೆ ಓಡಾಡಿಕೊಂಡಿರಲಿ, ಒಳಗೆ ಬರಕೂಡದು. ಸೋರೆಕಾಯಿಯನ್ನು ಕೊಯ್ಯುವುದಲ್ಲ, ಹೆಚ್ಚುವುದು. ದೀಪವನ್ನು ಆರಿಸುವುದಲ್ಲ, ದೊಡ್ಡದು ಮಾಡುವುದು. ಸೌದೆಯನ್ನು ಸೀಳುವುದಲ್ಲ, ಸಣ್ಣ ಮಾಡುವುದು. ಸ್ಕೂಲಿನಿಂದ ಬಂದು ಚೀಲ ಎಸೆದು ‘ಹಸಿದು ಸಾಯ್ತಾ ಇದೀನಿ ಅಮ್ಮಾ’ ಎಂದು ನಾನು ಕೂಗಿದರೆ, ಅಮ್ಮ ತಟ್ಟೆ ತರುವ ಮೊದಲೇ ಅಜ್ಜಿಯ ದನಿ ಬರುತ್ತಿತ್ತು.

“ಸಾಯಾದೇನೆ ಬಂತು ನಿಂಗೆ? ಹಸಿದಿದೀನಿ ಅನ್ನು, ಸಾಕು. ಇವತ್ತು ಬಾಯಲ್ಲಿ ಆಡ್ತೀಯ, ನಾಳೆ ಕೈಯಲ್ಲಿ ಮಾಡ್ತೀಯ.”

ಊರಿನ ಉಳಿದ ಜೈನರ ಮನೆಗಳಲ್ಲಿ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಇದು ಅಜ್ಜಿಯ ಸ್ವಂತ ಕಾಯಿದೆ. ಜಿನನಾಥಪುರದಲ್ಲಿ ಬಸದಿಯ ಬೀದಿಯಲ್ಲೇ ನಮ್ಮ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಹಗಲಲ್ಲೂ ಕತ್ತಲಿರುವ ಅಡುಗೆಮನೆ, ಹಿತ್ತಿಲಲ್ಲಿ ಬಾವಿ. ಬಾವಿಯಿಂದ ಸೇದಿದ ನೀರನ್ನು ಬಿಳಿಯ ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಮೇಲೆ ಬಟ್ಟೆಯನ್ನು ಹಿಂಡಿ ಒಣಹಾಕಿದರೆ ಆಯಿತೇ? ಇಲ್ಲ. ಅದನ್ನು ತಿರುವಿ ಹಾಕಿ, ಮೇಲೊಂದಿಷ್ಟು ನೀರು ಹೊಯ್ದು, ಬಟ್ಟೆಗೆ ಅಂಟಿಕೊಂಡ ಕಣ್ಣಿಗೆ ಕಾಣದ ಹುಳುಗಳನ್ನು ಮತ್ತೆ ಅದೇ ಬಾವಿಗೆ ಇಳಿಸಬೇಕು. ಅವುಗಳ ಮನೆ ಅದಲ್ಲವೇ, ಬೇರೆ ಕಡೆ ಬಿಟ್ಟರೆ ಪಾಪ ದಿಕ್ಕು ತಪ್ಪುತ್ತವೆ ಎನ್ನುತ್ತಿದ್ದಳು ಅಜ್ಜಿ. ಸೌದೆಯನ್ನು ಒಲೆಗೆ ಇಡುವ ಮುಂಚೆ ನೆಲಕ್ಕೆ ತಟ್ಟಿ ಇರುವೆಗಳನ್ನು ಎಬ್ಬಿಸಬೇಕು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಪಕ್ಕದ ಬೆಳಗೊಳದಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಅಪ್ಪ, ಗಿರಾಕಿಗಳನ್ನು ಅರ್ಧಕ್ಕೇ ಬಿಟ್ಟು ಸೈಕಲ್ ತುಳಿದುಕೊಂಡು ಬಂದು, ಏದುಸಿರು ಬಿಡುತ್ತಲೇ ಮುದ್ದೆ ನುಂಗುತ್ತಿದ್ದ.

ಹಾಗಂತ ನಮ್ಮದೇನು ಶಾಂತಿಯ ಬೀಡಾಗಿರಲಿಲ್ಲ. ಅಯ್ಯೋ, ಆ ಮನೆಯಲ್ಲಿ ನಡೆದಷ್ಟು ಜಗಳ ಇಡೀ ಬೀದಿಯಲ್ಲಿ ನಡೆಯುತ್ತಿರಲಿಲ್ಲ. ಅಮ್ಮ ಚನ್ನರಾಯಪಟ್ಟಣದವಳು, ತವರಿನಲ್ಲಿ ಸ್ವಲ್ಪ ಸಡಿಲವಾಗಿ ಬೆಳೆದವಳು. ಅವಳಿಗೆ ಮೂಲಂಗಿ ಹುಳಿಯೆಂದರೆ ಪ್ರಾಣ. ಗೆಡ್ಡೆ ಕಿತ್ತರೆ ಗಿಡವೇ ಹೋಯಿತು, ಅದರ ಜೊತೆ ಮಣ್ಣಿನ ಜೀವಗಳೂ ಹೋದವು ಎಂದು ಅಜ್ಜಿ ಮೂಲಂಗಿಯನ್ನು ಒಳಗೆ ಬಿಡುತ್ತಿರಲಿಲ್ಲ. ನನ್ನ ತಮ್ಮ ನಾಗು ಹೊಟ್ಟೆಯಲ್ಲಿದ್ದಾಗ ಅಮ್ಮ ಎದುರುಮನೆ ಗೌಡರ ಹಿತ್ತಿಲಿಗೆ ಹೋಗಿ, ನಿಂತುಕೊಂಡೇ ಒಂದು ಬಟ್ಟಲು ಮೂಲಂಗಿ ಹುಳಿ ಕುಡಿದು ಬಂದಳಂತೆ. ಬಾಯಿಯ ವಾಸನೆಯಿಂದ ಅಜ್ಜಿಗೆ ತಿಳಿದುಹೋಯಿತು. ಆ ಜಗಳ ನಾಗು ಹುಟ್ಟಿ ಓಡಾಡುವವರೆಗೂ ನಡೆಯಿತು. ಅವನು ತುಂಟತನ ಮಾಡಿದಾಗಲೆಲ್ಲ ಅಜ್ಜಿ ಮೂಲಂಗಿಯ ಹೆಸರೆತ್ತುತ್ತಿದ್ದಳು, ಅಮ್ಮ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು. ಅಪ್ಪ ಇಬ್ಬರ ನಡುವೆ ಕೂತು ಸುಮ್ಮನೆ ಉಣ್ಣುತ್ತಿದ್ದ.

ಇಂಥ ಮನೆಯಿಂದ ನಮ್ಮ ಚಿಕ್ಕಪ್ಪ ಮಿಲಿಟರಿಗೆ ಸೇರಿದ. ಅವನ ಹೆಸರು ಶಾಂತಿರಾಜ. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು, ಹಾಸನಕ್ಕೆ ಹೋಗಿ ಲಾರಿ ಕಲಿತು, ಅಲ್ಲಿಂದ ಯಾರಿಗೂ ಹೇಳದೆ ಸೇರಿಬಿಟ್ಟು, ಹೊರಡುವ ಮುಂಚೆ ಒಂದು ದಿನ ಬಂದು ಹೇಳಿದ. ಅಜ್ಜಿ ಆ ದಿನ ಒಲೆ ಹಚ್ಚಲಿಲ್ಲ. ಚಿಕ್ಕಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ನಾನು ಸಿಪಾಯಿಯಲ್ಲ ಅವ್ವ, ಡ್ರೈವರ್ರು, ಅಕ್ಕಿ ಬೇಳೆ ಸಾಗಿಸೋದಷ್ಟೇ ನನ್ನ ಕೆಲಸ ಎಂದು ಹತ್ತು ಸಲ ಹೇಳಿದ ಮೇಲೆ ಎದ್ದಳು. ಆಮೇಲೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಎದುರುಮನೆಯ ಗೌಡರು ತಮಾಷೆಗೆ ಕೇಳುತ್ತಿದ್ದರು.

“ಏನಜ್ಜೀ, ಇರುವೆ ತುಳೀದಿರೋ ಮನೇಲಿ ಸಿಪಾಯಿ ಉಟ್ಬುಟ್ನಲ್ಲ?”

“ಸಿಪಾಯಿ ಅಲ್ಲ ಕಣಪ್ಪ, ಡ್ರೈವರ್ರು. ನನ್ ಮಗ ಕೋವಿ ಮುಟ್ಟಾಕಿಲ್ಲ. ಹಸಿದೋರಿಗೆ ಅನ್ನ ತಕ್ಕೊಂಡೋಗಾನು. ಬೆಳಗೊಳದಲ್ಲಿ ದಾಸೋಹ ನಡೆಸ್ತಾರಲ್ಲ, ಅಂಗೆಯ.”

ಚೀನಾದ ಯುದ್ಧ ಶುರುವಾದಾಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ನಾಗು ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ಬೆಳಗೊಳದ ಹೋಟೆಲಿನ ರೇಡಿಯೋ ಮುಂದೆ ಗಂಡಸರು ಮುತ್ತಿಕೊಂಡಿರುತ್ತಿದ್ದರು. ಸ್ಕೂಲಿನಲ್ಲಿ ಮೇಷ್ಟರು ಪಾಠ ಬಿಟ್ಟು ನಮ್ಮ ಕೈಯಲ್ಲಿ ಘೋಷಣೆ ಕೂಗಿಸುತ್ತಿದ್ದರು. ನಮಗೋ ಹಬ್ಬ. ದೊಡ್ಡವರ ಮುಖದ ಗಾಬರಿಯೂ ನಮಗೆ ಹಬ್ಬದ ಗಡಿಬಿಡಿಯ ಹಾಗೇ ಕಾಣುತ್ತಿತ್ತು. ಸಂಜೆ ಬೀದಿಯಲ್ಲಿ ‘ಚೀನಾ ಆಟ’ ಶುರುವಾಯಿತು. ಎದುರುಮನೆ ಗೌಡರ ಮಗ ರಂಗ ನಮಗೆಲ್ಲ ದೊಡ್ಡವನು, ಅವನೇ ಕ್ಯಾಪ್ಟನ್ನು. ಹರಳುಗಿಡದ ದಂಟು ಕೋವಿ. ಚೀನಾದವನಾಗಲು ಯಾರೂ ಒಪ್ಪದ್ದರಿಂದ ಆ ಪಾಲು ನಾಗುವಿಗೆ ಬಂತು. ಅವನು ಎಲ್ಲರಿಗಿಂತ ಚಿಕ್ಕವನು, ಮೂಗೂ ಸ್ವಲ್ಪ ಚಪ್ಪಟೆ. ಪಾಪದ ಕೂಸು, ಆಟಕ್ಕೆ ಸೇರಿಸಿಕೊಂಡರಲ್ಲ ಎಂಬ ಖುಷಿಗೆ ದಿನಾ ಬಂದು ದಿನಾ ಸಾಯುತ್ತಿದ್ದ. ಢಂ ಎಂದರೆ ಸಾಕು, ಧೊಪ್ಪನೆ ಬಿದ್ದು, ನಾಲಿಗೆ ಹೊರಗೆ ಚಾಚಿ, ಯಾರಾದರೂ ಏಳು ಎನ್ನುವ ತನಕ ಧೂಳಿನಲ್ಲಿ ಮಲಗಿರುತ್ತಿದ್ದ. ಮನೆಯಲ್ಲಿ ಆಡಲಾಗದ ಮಾತುಗಳನ್ನೆಲ್ಲ ನಾನು ಆ ಬೀದಿಯಲ್ಲಿ ಬಾಯ್ತುಂಬ ಆಡಿಕೊಳ್ಳುತ್ತಿದ್ದೆ.

ಒಳಗೆ ಅಜ್ಜಿ ಬೇರೆಯೇ ಯುದ್ಧದಲ್ಲಿದ್ದಳು. ಚಿಕ್ಕಪ್ಪನಿಂದ ಸುದ್ದಿ ನಿಂತುಹೋಗಿತ್ತು. ಒಪ್ಪೊತ್ತು ಹಿಡಿದಳು, ಬೆಲ್ಲ ಬಿಟ್ಟಳು, ತುಪ್ಪ ಬಿಟ್ಟಳು. ಬಸದಿಯಲ್ಲಿ ಶಾಂತಿನಾಥ ಸ್ವಾಮಿಯ ಮುಂದೆ ನಿಂತು ಅವಳು ಏನು ಬೇಡುತ್ತಿದ್ದಳೆಂದು ನಾನು ಒಂದು ದಿನ ಕಿವಿಗೊಟ್ಟು ಕೇಳಿದೆ. ‘ನನ್ ಮಗನ್ನ ಉಳುಸು’ ಎಂದು ಬೇಡಿದಳು. ಆಮೇಲೆ ದನಿ ತಗ್ಗಿಸಿ, ‘ಅವನ ಕೈಯಿಂದ ಯಾರಿಗೂ ಏನೂ ಆಗದಂಗೆ ನೋಡ್ಕೊ’ ಎಂದಳು. ನನಗೆ ಸಿಟ್ಟೇ ಬಂತು. ನಮ್ಮ ಚಿಕ್ಕಪ್ಪ ಚೀನಾದವರನ್ನು ಸಾಲಾಗಿ ಮಲಗಿಸುತ್ತಾನೆಂದು ನಾನು ಸ್ಕೂಲಿನಲ್ಲಿ ಜಂಬ ಕೊಚ್ಚಿಕೊಂಡಿದ್ದರೆ, ಈ ಮುದುಕಿ ದೇವರ ಹತ್ತಿರ ಎಂಥ ವರ ಕೇಳುತ್ತಿದ್ದಾಳಪ್ಪ ಅನ್ನಿಸಿತು.

ಚಿಕ್ಕಪ್ಪ ಬಂದದ್ದು ಯುದ್ಧ ಮುಗಿದು ಎಷ್ಟೋ ತಿಂಗಳಾದ ಮೇಲೆ, ಬೇಸಿಗೆಯಲ್ಲಿ. ಆಸ್ಪತ್ರೆಯಲ್ಲಿದ್ದನಂತೆ. ಚನ್ನರಾಯಪಟ್ಟಣದ ಬಸ್ಸಿನಿಂದ ಬೆಳಗೊಳದಲ್ಲಿ ಇಳಿದು ಅಪ್ಪನ ಅಂಗಡಿಯ ಮುಂದೆ ನಿಂತಾಗ ಅಪ್ಪನಿಗೆ ಗುರುತೇ ಹತ್ತಲಿಲ್ಲವಂತೆ. ಹಿಮದಲ್ಲಿ ಕೊಳೆತು ಎಡಗಾಲಿನ ಬೆರಳುಗಳು ಹೋಗಿದ್ದವು. ಅದಕ್ಕೇ ಮಿಲಿಟರಿಯವರು ಮನೆಗೆ ಕಳಿಸಿಬಿಟ್ಟಿದ್ದರು. ಕುಂಟುತ್ತಾ ಮನೆಗೆ ಬಂದವನನ್ನು ಅಜ್ಜಿ ಹಿಡಿದು ಕೂರಿಸಿ, ತಲೆಯಿಂದ ಕಾಲಿನವರೆಗೆ ಸವರಿದಳು. ಬೆರಳಿಲ್ಲದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಾ, ‘ಓಗ್ಲಿ ಬಿಡು, ಬೆರಳು ತಾನೆ, ಜೀವ ಬಂತಲ್ಲ’ ಎಂದು ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಗ ನಮ್ಮ ಮನೆಯಲ್ಲಿ ನಿಜವಾಗಿ ಹಬ್ಬವಾಯಿತು. ಬಿಟ್ಟಿದ್ದ ಬೆಲ್ಲ, ತುಪ್ಪ ಎಲ್ಲ ಒಂದೇ ದಿನ ವಾಪಸ್ಸು ಬಂದವು. ಅಮ್ಮ ಒಬ್ಬಟ್ಟು ಮಾಡಿದಳು. ಅಜ್ಜಿ ಬೀದಿಯ ಪ್ರತಿ ಮನೆಗೂ ಒಬ್ಬಟ್ಟು ಕೊಟ್ಟು, ‘ನನ್ ಮಗ ಕೋವಿ ಮುಟ್ದೆ ಓದೋನು ಅಂಗೇ ಬಂದ’ ಎಂದು ಹೇಳಿ ಬಂದಳು.

ಆದರೆ ಚಿಕ್ಕಪ್ಪ ಮೊದಲಿನ ಚಿಕ್ಕಪ್ಪ ಆಗಿರಲಿಲ್ಲ. ಬಸದಿಗೆ ಕರೆದರೆ ಕಾಲು ನೋವು ಅನ್ನುತ್ತಿದ್ದ. ಅದೇ ಕಾಲಿನಲ್ಲಿ ಕೆರೆ ಏರಿಯ ಮೇಲೆ ಮೈಲಿಗಟ್ಟಲೆ ನಡೆಯುತ್ತಿದ್ದ. ಬಾವಿಕಟ್ಟೆಯಲ್ಲಿ ಕೂತು ನೀರು ಸೋಸುವ ಬಟ್ಟೆಯನ್ನು ಮತ್ತೆ ಮತ್ತೆ ಜಾಲಿಸುತ್ತಿದ್ದ, ಅಮ್ಮ ಬಂದು ಕೈಯಿಂದ ಕಿತ್ತುಕೊಳ್ಳುವ ತನಕ. ಇನ್ನೊಂದು ವಿಚಿತ್ರ ನೋಡಿ. ನಾಗುವಿಗೆ ಚೊಂಬೆತ್ತಿ ಗಟಗಟ ಸದ್ದು ಮಾಡುತ್ತಾ ನೀರು ಕುಡಿಯುವ ಅಭ್ಯಾಸ. ಆ ಸದ್ದು ಕೇಳಿದ್ದೇ ತಡ, ಊಟದ ನಡುವೆಯೇ ಚಿಕ್ಕಪ್ಪ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದ. ಅಮ್ಮ ನಾಗುವಿನ ತಲೆಗೆ ಮೊಟಕಿ, ಮೆಲ್ಲಗೆ ಕುಡಿಯೋ ಎನ್ನುತ್ತಿದ್ದಳು. ಏಕೆಂದು ಅವಳಿಗೂ ಗೊತ್ತಿರಲಿಲ್ಲ.

ಒಂದು ಸಂಜೆ ನಮ್ಮ ಆಟ ಜೋರಾಗಿ ನಡೆದಿತ್ತು. ಅಜ್ಜಿ ಜಗಲಿಯ ಮೇಲೆ ಮೊರ ಹಿಡಿದು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕೆರೆಯ ಕಡೆಯಿಂದ ಬಂದ ಚಿಕ್ಕಪ್ಪ, ಬೀದಿಯಲ್ಲಿ ನಾಲಿಗೆ ಚಾಚಿ ಮಲಗಿದ್ದ ನಾಗುವನ್ನು ನೋಡಿ ಗಕ್ಕನೆ ನಿಂತ. ಅವನ ಮುಖ ನೋಡಿ ನಮಗೆ ಭಯವಾಯಿತು. ಬಯ್ಯುತ್ತಾನೆ ಎಂದುಕೊಂಡೆವು. ಅವನು ಬಯ್ಯಲಿಲ್ಲ. ನಾಗುವಿನ ಪಕ್ಕದಲ್ಲಿ ಧೂಳಿನಲ್ಲೇ ಕೂತ.

“ಯಾರಪ್ಪ ಇವನು, ಬಿದ್ದಿರೋನು?”

“ಚೀನಾದವ್ನು ಕಣಣ್ಣ. ಸತ್ತೋದ,” ಎಂದ ರಂಗ.

“ಹೆಸರೇನು?”

“ಯಾರ್ದು, ನಾಗುಂದಾ?”

“ನಾಗೂದಲ್ಲ. ಸತ್ತನಲ್ಲ, ಆ ಚೀನಾದವನ್ದು.”

“ಚೀನಾದವ್ನಿಗೆ ಎಸ್ರು ಎಲ್ಲೈತಣ್ಣ? ಚೀನಾದವ್ನು, ಅಷ್ಟೆಯ.”

“ಅವರವ್ವ ಹಂಗೇ ಕರೀತಾಳಾ? ಬಾರೋ ಚೀನಾದವ್ನೆ, ಮುದ್ದೆ ಉಣ್ಣು ಅಂತ?”

ನಾವೆಲ್ಲ ಕಿಸಕ್ಕನೆ ನಕ್ಕೆವು. ಸತ್ತು ಬಿದ್ದಿದ್ದ ನಾಗುವಿಗೂ ನಗು ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ, ‘ಚಿಂಗಣ್ಣ ಅಂತ ನನ್ನೆಸರು’ ಎಂದ. ಸರಿ, ಶುರುವಾಯಿತಲ್ಲ. ಚಿಂಗಣ್ಣನ ಅವ್ವ ಚಿಂಗಮ್ಮ. ಚಿಂಗಣ್ಣನಿಗೆ ಅಕ್ಕ ಇರಬೇಕೋ ಬೇಡವೋ ಎಂದು ಚಿಕ್ಕಪ್ಪ ಕೇಳಿದ. ಇರಬೇಕು ಎಂದು ನಾನೇ ಸೇರಿಸಿದೆ. ಮನೆಯಲ್ಲಿ ಏನೇನಿದೆ? ಒಂದು ಕೊಂಬು ಮುರಿದ ಹಸು ಇದೆ ಎಂದಳು ಒಬ್ಬಳು. ಅಜ್ಜಿ ಇದ್ದಾಳಾ? ಇದ್ದಾಳೆ, ಬರೀ ಬಯ್ತಾಳೆ ಎಂದ ನಾಗು. ಚಿಂಗಣ್ಣನಿಗೆ ಗಂಜಿ ಕಂಡರೆ ಆಗುವುದಿಲ್ಲ, ಬೆಲ್ಲ ಕದ್ದು ತಿನ್ನುತ್ತಾನೆ, ಕತ್ತಲೆಂದರೆ ಅವನಿಗೆ ಹೆದರಿಕೆ. ಇವೆಲ್ಲ ನಾಗುವಿನ ಸ್ವಂತ ಸಮಾಚಾರಗಳೇ. ಯುದ್ಧಕ್ಕೆ ಯಾಕೆ ಬಂದ ಎಂದು ಚಿಕ್ಕಪ್ಪ ಕೇಳಿದ. ‘ಬಾ ಅಂದ್ರು, ಬಂದೆ’ ಎಂದುಬಿಟ್ಟ ನಾಗು. ಚಿಕ್ಕಪ್ಪ ಸ್ವಲ್ಪ ಹೊತ್ತು ಅವನ ತಲೆ ಸವರುತ್ತಾ ಕೂತಿದ್ದ. ಆಮೇಲೆ ಅವನನ್ನು ಎಬ್ಬಿಸಿ, ಮೈಮೇಲಿನ ಧೂಳು ಕೊಡವಿ ನಿಲ್ಲಿಸಿದ.

“ಸರಿ ರಂಗ. ಇಗೋ ಚಿಂಗಣ್ಣ. ಈಗ ಹೊಡಿ.”

ರಂಗ ಹರಳಿನ ದಂಟು ಎತ್ತಿ ಗುರಿ ಹಿಡಿದ. ಬಾಯಿ ತೆರೆದ. ಢಂ ಅನ್ನಲಿಲ್ಲ. ದಂಟನ್ನು ಇಳಿಸಿ, ಪೆಚ್ಚಾಗಿ ತಲೆ ಕೆರೆದುಕೊಂಡ.

“ಇಷ್ಟೊಂದ್ ಸಂಸಾರ ಅಂಟುಸ್ಬುಟ್ರೆ ಎಂಗಣ್ಣ ವಡಿಯಾದು?”

ಎಲ್ಲರೂ ನಕ್ಕರೂ ನನಗೆ ನಗು ಬರಲಿಲ್ಲ. ಕೊಂಬು ಮುರಿದ ಹಸುವನ್ನು ಯಾರು ಮೇಯಿಸುತ್ತಾರೆ ಎಂಬ ಯೋಚನೆ ಹತ್ತಿಕೊಂಡಿತ್ತು. ಆಗ ನಾಗು, ಐದು ವರ್ಷದ ಕೂಸು, ಚಿಕ್ಕಪ್ಪನ ಗಲ್ಲ ಹಿಡಿದು ಕೇಳಿದ.

“ಚಿಕ್ಕಪ್ಪ, ನೀನು ಹೊಡೆದವನ ಹೆಸರೇನು?”

“ಕೇಳಲಿಲ್ಲ ಮಗ.”

ಅಷ್ಟೇ. ಚಿಕ್ಕಪ್ಪ ಎದ್ದು ಕುಂಟುತ್ತಾ ಒಳಗೆ ಹೋದ. ಜಗಲಿಯ ಮೇಲೆ ಮೊರದ ಸದ್ದು ನಿಂತಿತ್ತು. ನಾನು ತಿರುಗಿ ನೋಡಿದೆ. ಅಜ್ಜಿ ಕೈಯಲ್ಲಿ ಒಂದು ಹಿಡಿ ಹುರುಳಿ ಹಿಡಿದುಕೊಂಡು ಹಾಗೇ ಕೂತಿದ್ದಳು. ಅವಳಿಗೆ ಕೇಳಿಸಿತ್ತು. ಅವಳಿಗೆ ಅರ್ಥವಾಗಿತ್ತು. ನನಗೂ ಅರ್ಥವಾಯಿತು, ಆ ವಯಸ್ಸಿಗೆ ಎಷ್ಟು ಆಗಬಹುದೋ ಅಷ್ಟು. ಆ ದಿನದಿಂದ ನಮ್ಮ ಬೀದಿಯಲ್ಲಿ ಚೀನಾ ಆಟ ನಿಂತುಹೋಯಿತು. ಯಾರೂ ಬೇಡ ಅಂದದ್ದಲ್ಲ, ಆಡಲು ಹೋದರೆ ಚಿಂಗಣ್ಣ ಅಡ್ಡ ಬರುತ್ತಿದ್ದ. ರಂಗ ಕಬಡ್ಡಿಗೆ ತಿರುಗಿದ.

ಮನೆಯಲ್ಲಿ ಆಮೇಲಿನ ದಿನಗಳು ಬಹಳ ಕೆಟ್ಟವು. ಅಜ್ಜಿ ಮಗನನ್ನು ಏನೂ ಕೇಳಲಿಲ್ಲ, ಚಿಕ್ಕಪ್ಪ ಏನೂ ಹೇಳಲಿಲ್ಲ. ಅವನ ಕಾಲಿಗೆ ಎಣ್ಣೆ ಹಚ್ಚುವುದನ್ನು ಅವಳು ಬಿಡಲಿಲ್ಲ. ಆದರೆ ಮೊದಲಿನ ಹಾಗೆ ವಟವಟ ಮಾತಾಡುತ್ತಾ ಅಲ್ಲ. ಕೋವಿ ಮುಟ್ಟದ ಮಗ ಎನ್ನುವುದನ್ನು ನಿಲ್ಲಿಸಿದಳು. ಗೌಡರು ತಮಾಷೆ ಮಾಡಿದರೆ ಒಳಗೆದ್ದು ಹೋದಳು. ತನ್ನ ಸಂಕಟವನ್ನೆಲ್ಲ ಅಮ್ಮನ ಮೇಲೆ ಹಾಕಿ, ಉಪ್ಪು ಹೆಚ್ಚಾಯಿತು, ಹೊಗೆ ಹೆಚ್ಚಾಯಿತು, ಸೌದೆ ತಟ್ಟಲಿಲ್ಲ ಎಂದು ದಿನಾ ರಂಪ. ಅಮ್ಮನೂ ಏನು ಕಮ್ಮಿಯೇ, ಒಂದಕ್ಕೆರಡು ಕೊಡುತ್ತಿದ್ದಳು. ಆದರೂ ಒಂದು ಮಧ್ಯಾಹ್ನ ಅಜ್ಜಿಯ ತಲೆ ಬಾಚುತ್ತಾ, ‘ಬಾಯ್ಬಿಟ್ಟು ಕೇಳಿಬಿಡಿ ಅತ್ತೆ, ಇಬ್ಬರೂ ಹಿಂಗೆ ಒಳಗೊಳಗೇ ಬೇಯಬೇಡಿ’ ಎಂದಳು. ಅಜ್ಜಿ ಅವಳ ಕೈಯಿಂದ ಬಾಚಣಿಗೆ ಕಿತ್ತುಕೊಂಡು ತಾನೇ ಬಾಚಿಕೊಂಡಳು. ಭಾದ್ರಪದ ಹತ್ತಿರ ಬಂದಾಗ ಚಿಕ್ಕಪ್ಪ ಅಪ್ಪನ ಹತ್ತಿರ, ಅರಕಲಗೂಡಿನ ಲಾರಿ ಶೆಡ್ಡೊಂದರಲ್ಲಿ ಕೆಲಸ ಸಿಕ್ಕಿದೆ, ಹಬ್ಬ ಕಳೆದ ಮೇಲೆ ಹೊರಡುತ್ತೇನೆ, ಅಲ್ಲೇ ಇದ್ದುಬಿಡುತ್ತೇನೆ ಎಂದ. ಅರಕಲಗೂಡೇನು ಕಾಶಿಯಲ್ಲ. ಆದರೆ ಅವನು ಹೇಳಿದ ರೀತಿ ಹಾಗಿತ್ತು. ಅಮ್ಮ ನನ್ನ ಜಡೆ ಹೆಣೆಯುತ್ತಾ ಅತ್ತಳು.

“ಈ ಸಲ ಹೋದ್ರೆ ಇವನು ತಿರುಗಿ ಬರಲ್ಲ ಕಣೆ. ಆ ಮುದುಕಿ ಉಳಿಯಲ್ಲ.”

ದಶಲಕ್ಷಣ ಪರ್ವ ನಮಗೆ ವರ್ಷದ ದೊಡ್ಡ ವ್ರತ. ಅದು ಮುಗಿದ ಮೇಲೆ ಕ್ಷಮಾವಣಿ. ಆ ದಿನ ಬಸದಿಯಿಂದ ಬಂದು, ನಡುಮನೆಯಲ್ಲಿ ಕೂತು, ಮನೆಯವರೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳಬೇಕು. ‘ತಿಳಿದೋ ತಿಳಿಯದೆಯೋ ನೋವು ಮಾಡಿದ್ರೆ ಕ್ಷಮಿಸಿ’ ಎಂದು ಕೈಮುಗಿಯುವುದು, ‘ಕ್ಷಮಿಸಿದೀನಿ, ನೀವೂ ಕ್ಷಮಿಸಿ’ ಎಂದು ಅವರು ತಿರುಗಿ ಹೇಳುವುದು. ಚಿಕ್ಕವರು ದೊಡ್ಡವರನ್ನು ಕೇಳಬೇಕು, ದೊಡ್ಡವರೂ ಚಿಕ್ಕವರನ್ನು ಕೇಳಬೇಕು. ಅಪ್ಪ ನನ್ನ ಮುಂದೆ ಕೈಮುಗಿಯುವಾಗ ನನಗೆ ನಾಚಿಕೆಯಾಗಿ ಮೈಯೆಲ್ಲ ಹಿಡಿಯಾಗುತ್ತಿತ್ತು. ಕೊಟ್ಟಿಗೆಗೆ ಹೋಗಿ ಹಸು ಕರುಗಳನ್ನೂ ಕೇಳುತ್ತಿದ್ದೆವು. ಆ ವರ್ಷ ಅಮ್ಮ ಅಜ್ಜಿಯ ಮುಂದೆ ಕೂತು, ಮೂಲಂಗಿಯ ವಿಷಯವನ್ನೂ ಸೇರಿಸಿ ಕ್ಷಮೆ ಕೇಳಿದಳು. ಅಜ್ಜಿ, ‘ಕ್ಷಮಿಸಿದೀನಿ ಕಣಮ್ಮ. ಆದ್ರೆ ತರಬೇಡ’ ಎಂದಾಗ ಅಪ್ಪನಿಗೂ ನಗು ಬಂತು. ಆಮೇಲೆ ಅಜ್ಜಿ ಬಾಗಿಲ ಕಡೆ ನೋಡಿದಳು. ಚಿಕ್ಕಪ್ಪ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ಅವನ ಟ್ರಂಕು ಮೂಲೆಯಲ್ಲಿತ್ತು.

“ಬಾರೋ ಶಾಂತೂ.”

“ನಾನು ಕೇಳೋ ಹಂಗಿಲ್ಲವ್ವ.”

“ಯಾಕೆ?”

“ತಿಳಿದೋ ತಿಳಿಯದೆಯೋ ಅನ್ನಬೇಕಲ್ಲ. ನಾನು ತಿಳಿದೇ ಮಾಡಿದ್ದು.”

“ಏನು ಮಾಡ್ದೆ?”

“ಆ ಮಾತು ಈ ಮನೇಲಿ ಆಡಂಗಿಲ್ಲ.”

“ಆಡು. ಇವತ್ತು ಆಡು, ನಾನೇ ಹೇಳ್ತಿದೀನಿ.”

ಚಿಕ್ಕಪ್ಪ ಬಂದು ಅವಳ ಮುಂದೆ ಕೂತ. ‘ಒಬ್ಬನ್ನ ಕೊಂದೆ ಅವ್ವ’ ಎಂದ. ನಮ್ಮ ಮನೆಯೊಳಗೆ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನೆಲ ನೋಡುತ್ತಾ ಎಲ್ಲ ಹೇಳಿದ. ಲಾರಿ ಬಿಟ್ಟು ಗುಡ್ಡಗಳಲ್ಲಿ ಹಿಂದಕ್ಕೆ ಓಡಿ ಬರುತ್ತಿದ್ದರಂತೆ. ಜೊತೆಯವನು ದಾರಿಯಲ್ಲಿ ಸತ್ತ, ಅವನ ಕೋವಿ ಇವನ ಕೈಗೆ ಬಂತು. ಒಂದು ಹಳ್ಳದ ಹತ್ತಿರ ಬಂದಾಗ, ಆಚೆ ದಡದಲ್ಲಿ ಒಬ್ಬ ಹುಡುಗ ಬಗ್ಗಿ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದ. ಅವನು ತಲೆಯೆತ್ತಿ ನೋಡಿದ. ಇವನೂ ನೋಡಿದ. ಅವನ ಕೋವಿ ಪಕ್ಕದ ಬಂಡೆಗೆ ಒರಗಿತ್ತು. ‘ಅವನು ಕೈ ಹಾಕೋಕೆ ಮುಂಚೆ ನಾನು ಹೊಡೆದೆ. ಕೈ ಹಾಕ್ತಿದ್ನೋ ಇಲ್ವೋ ಗೊತ್ತಿಲ್ಲ. ಅವನ ಗಲ್ಲದಿಂದ ನೀರು ಇನ್ನೂ ಇಳೀತಿತ್ತು’ ಎಂದ ಚಿಕ್ಕಪ್ಪ. ನಾಗುವಿನ ಚೊಂಬಿನ ಸದ್ದಿಗೆ ಅವನು ಯಾಕೆ ಎದ್ದು ಹೋಗುತ್ತಿದ್ದನೆಂದು ಆಗ ನನಗೆ ತಿಳಿಯಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಅವನ ಹತ್ರ ಕೇಳಬೇಕು, ಅವನಿಲ್ಲ. ನಿನ್ನ ಕೇಳಿ ಏನು ಬಂತವ್ವ? ನೀನು ನನ್ನ ಹೆತ್ತೋಳು. ಕ್ಷಮಿಸಿದೆ ಅಂತಲೇ ಅಂತೀಯ.”

ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಅವನಿಲ್ದಿದ್ರೆ ಅವನ್ನ ಹೆತ್ತೋಳು ಇದಾಳಲ್ಲೋ ಎಲ್ಲೋ. ನೀನು ಅಲ್ಲಿಗೆ ಓಗಕಾಗಲ್ಲ, ಅವಳು ಇಲ್ಲಿಗೆ ಬರಕಾಗಲ್ಲ. ಅವಳ ಬದ್ಲು ನಾನು ಕೂತ್ಕತೀನಿ. ನಾನು ನಿನ್ನವ್ವ ಅಲ್ಲ ಈಗ. ಕೇಳು.”

ಚಿಕ್ಕಪ್ಪ ಅವಳ ಮುಖ ನೋಡಿದ. ಕೈಮುಗಿದ. ತನ್ನ ತಾಯಿಯನ್ನು ಬಹುವಚನದಲ್ಲಿ ಮಾತಾಡಿಸಿದ.

“ಅಮ್ಮಾ, ನಿಮ್ಮ ಮಗನ್ನ ನಾನು ಕೊಂದೆ. ತಿಳಿದೇ ಕೊಂದೆ. ಕ್ಷಮಿಸಿ.”

ಇನ್ನೇನು ಅಜ್ಜಿ ಆ ಮಾತು ಹೇಳುತ್ತಾಳೆ, ಎಲ್ಲ ಸರಿಹೋಗುತ್ತದೆ, ಟ್ರಂಕು ಒಳಗೆ ಹೋಗುತ್ತದೆ ಎಂದು ನಾವೆಲ್ಲ ಕಾದೆವು. ಅಜ್ಜಿ ಬಾಯಿ ತೆರೆದಳು. ತುಟಿ ಅಲುಗಿತು, ಮಾತು ಬರಲಿಲ್ಲ. ಮತ್ತೆ ತೆರೆದಳು. ಎದುರಿಗಿದ್ದ ಮಗನನ್ನು ಯಾರೋ ಹೊರಗಿನವನನ್ನು ನೋಡುವ ಹಾಗೆ ನೋಡಿದಳು. ಇದ್ದಕ್ಕಿದ್ದಂತೆ ಹೊಟ್ಟೆಯ ಮೇಲೆ ಸೀರೆಯನ್ನು ಮುದ್ದೆಯಾಗಿ ಹಿಡಿದುಕೊಂಡು, ಸತ್ತ ಮನೆಯಲ್ಲಿ ಅಳುವ ಹಾಗೆ ಅಳತೊಡಗಿದಳು.

“ನೀರು ಕುಡೀತಿದ್ನಲ್ಲೋ! ನೀರು ಕುಡಿಯೋವಾಗ್ಲೂ ಬಿಡ್ಲಿಲ್ವಲ್ಲೋ ನನ್ ಮಗನ್ನ!”

ನಾಗು ಹೆದರಿ ನನ್ನ ತೊಡೆಗೆ ಅಂಟಿಕೊಂಡ. ನನಗೂ ಅಳು ಬಂತು. ಚಿಂಗಣ್ಣನ ಅವ್ವ ಎಂದು ನಾವು ಬೀದಿಯಲ್ಲಿ ನಗುತ್ತಾ ಹೆಸರಿಟ್ಟವಳು ನಮ್ಮ ನಡುಮನೆಯಲ್ಲೇ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಯುದ್ಧ ಎಂದರೆ ಏನೆಂದು ನನಗೆ ಯಾವ ಮೇಷ್ಟರೂ ಆಮೇಲೆ ಕಲಿಸಬೇಕಾಗಲಿಲ್ಲ. ಚಿಕ್ಕಪ್ಪ ಮುಗಿದ ಕೈ ಬಿಡದೆ ತಲೆ ತಗ್ಗಿಸಿ ಕೂತಿದ್ದ. ಅಳು ತಗ್ಗಿದ ಮೇಲೆ ಅಜ್ಜಿ ಸೆರಗನ್ನು ತಲೆಯಿಂದ ಜಾರಿಸಿ ಕಣ್ಣೊರೆಸಿಕೊಂಡಳು.

“ಆಗ್ಲಿಲ್ಲ ಕಣೋ ಶಾಂತೂ. ಅವಳ ಜಾಗದಲ್ಲಿ ಕೂತ್ರೆ ಆ ಮಾತು ಬತ್ತಾ ಇಲ್ಲ ನಂಗೆ.”

“ಸರಿ ಅವ್ವ.”

ಅವನು ಎದ್ದು ಮೂಲೆಯ ಟ್ರಂಕಿಗೆ ಕೈ ಹಾಕಿದ. ಅಪ್ಪ ತಡೆಯಲು ಎದ್ದ. ಅದಕ್ಕೂ ಮುಂಚೆ ಅಜ್ಜಿ ಗದರಿದಳು, ಹಳೆಯ ಅಜ್ಜಿಯೇ.

“ಎಲ್ಲಿಗೋ? ಅವಳು ಒಪ್ಲಿಲ್ಲ ಅಂದೆ. ನಾನು ನಿನ್ನ ಬಿಟ್ಟೆ ಅಂದ್ನಾ? ಅಲ್ಲೊಬ್ಬಳು ಮಗನ್ನ ಕಳ್ಕೊಂಡವಳೆ, ಇಲ್ಲಿ ನಾನೂ ಕಳ್ಕೊಂಡು ಕೂತ್ರೆ ಅವಳಿಗೇನು ಸಿಕ್ತದೆ? ಇಲ್ಲೇ ಇರು. ಬರೋ ವರ್ಷ ಕೇಳು. ಅದ್ರ ಮುಂದಿನ ವರ್ಷಾನೂ ಕೇಳು. ಅವಳು ಒಪ್ಲಿಲ್ಲ ಅಂತ ಕೇಳಾದು ತಪ್ಪಿಸ್ಕಬ್ಯಾಡ. ಈಗ ಕೈಕಾಲು ತೊಳ್ಕೊಂಡು ಬಾ, ಉಣ್ಣು.”

ಚಿಕ್ಕಪ್ಪ ಅರಕಲಗೂಡಿಗೆ ಹೋಗಲಿಲ್ಲ. ಅಪ್ಪನ ಅಂಗಡಿಯಲ್ಲಿ ಕೂತ. ಬಸದಿಗೂ ಹೋಗತೊಡಗಿದ, ಒಳಗೆ ಹೋಗದೆ ಮೆಟ್ಟಿಲ ಬಳಿ ನಿಂತು ಬರುತ್ತಿದ್ದ. ಪ್ರತಿ ಕ್ಷಮಾವಣಿಗೂ ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂರುತ್ತಿದ್ದಳು, ಅವನು ಅವಳನ್ನು ಬಹುವಚನದಲ್ಲಿ ಕೇಳುತ್ತಿದ್ದ. ನಾವು ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು, ಈ ವರ್ಷವಾದರೂ ಅವಳು ಒಪ್ಪಲಿ ಎಂದು. ಕಡೆಯ ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದಳು, ಅಮ್ಮನೇ ಅವಳ ತಲೆಯ ಮೇಲೆ ಸೆರಗು ಹೊದಿಸಿದಳು. ಮಗ ಮುದುಕನಾಗುತ್ತಿದ್ದಾನೆ, ತಾನು ಹೊರಟಿದ್ದೇನೆ, ಒಂದು ಸುಳ್ಳು ಹೇಳಿಬಿಟ್ಟರೆ ಯಾರಿಗೂ ನಷ್ಟವಿರಲಿಲ್ಲ. ಅಪ್ಪ ಅವಳ ಕಿವಿಯ ಹತ್ತಿರ ಬಗ್ಗಿ, ‘ಆಯ್ತು ಅಂದ್ಬಿಡವ್ವ’ ಎಂದು ಬೇಡಿಕೊಂಡ. ಅಜ್ಜಿ ತುಂಬ ಹೊತ್ತು ಚಿಕ್ಕಪ್ಪನ ಮುಖವನ್ನೇ ನೋಡಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿ, ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಜೀವ ಹೋಗುವ ತನಕ ಬಿಡಲಿಲ್ಲ.